ಕೇಂದ್ರ ಜಲ ಆಯೋಗ ಮತ್ತು ನೀರಾವರಿಯ ಅಭಿವೃದ್ಧಿ: ಒಂದು ವಿಮರ್ಶೆ

1

ಸ್ವಾತಂತ್ರ್ಯೋತ್ತರ ಭಾರತದ ಇತಿಹಾಸವನ್ನು ಬೋಧಿಸುವಾಗ ಭಾಕ್ರಾ, ಹಿರಾಕುಡ್, ದಾಮೋದರ ಕಣಿವೆ, ತುಂಗಭದ್ರಾ ಎಂಬ ಹೆಸರುಗಳನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಪಠ್ಯಪುಸ್ತಕಗಳು ಅಣೆಕಟ್ಟುಗಳ ಎತ್ತರವನ್ನೂ ಅವು ಪೂರ್ಣಗೊಂಡ ವರ್ಷವನ್ನೂ ಕೊಡುತ್ತವೆ. ಈ ಬಗೆಯ ಯೋಜನೆಗಳನ್ನು ಪರಿಶೀಲಿಸಿದ, ಒಪ್ಪಿಗೆಗೆ ಯೋಗ್ಯವೆಂದೋ ಅಲ್ಲವೆಂದೋ ಹೇಳಿದ, ದೇಶದ ನೀರಿನ ಲೆಕ್ಕವನ್ನು ಇಟ್ಟುಕೊಂಡು ಬಂದ ಸಂಸ್ಥೆಯನ್ನು ಮಾತ್ರ ಅವು ಹೆಸರಿಸುವುದು ವಿರಳ. ಇಂದು ಕೇಂದ್ರ ಜಲ ಆಯೋಗವೆಂದು ಕರೆಯಲ್ಪಡುವ ಈ ಸಂಸ್ಥೆ ಸ್ಥಾಪಿತವಾದುದು 1945ರಲ್ಲಿ. ಅದು ನಮ್ಮ ಗಣರಾಜ್ಯಕ್ಕಿಂತಲೂ ಹಿರಿಯದು.

ಈ ಸಂಸ್ಥೆಯ ವಿಷಯವಾಗಿ ಎರಡು ತೀರ್ಪುಗಳು ಬಳಕೆಯಲ್ಲಿವೆ. ಸರ್ಕಾರಿ ಪ್ರಕಟಣೆಗಳಲ್ಲಿ ಅದು ದೇಶಕ್ಕೆ ಅನ್ನ ಒದಗಿಸಿದ ಮಹಾಕಾರ್ಯದ ಸೂತ್ರಧಾರ. ಬೃಹತ್ ಅಣೆಕಟ್ಟುಗಳನ್ನು ವಿರೋಧಿಸುವವರ ಬರಹಗಳಲ್ಲಿ ಅದು ಕಾಂಕ್ರೀಟನ್ನಲ್ಲದೆ ಬೇರೇನನ್ನೂ ಕಾಣದ ಎಂಜಿನಿಯರುಗಳ ಕೋಟೆ. ಎರಡು ತೀರ್ಪುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಅಣೆಕಟ್ಟನ್ನೇ ನೀರಾವರಿಯೆಂದು ಭಾವಿಸುವ ದೋಷವೂ ಎರಡರಲ್ಲಿಯೂ ಉಂಟು. ಅಣೆಕಟ್ಟು ನೀರನ್ನು ನಿಲ್ಲಿಸುತ್ತದೆ. ನೀರಾವರಿಯೆಂದರೆ ಆ ನೀರು, ಬೇಕಾದ ಹೊತ್ತಿಗೆ, ಬೇಕಾದಷ್ಟು, ಒಬ್ಬ ರೈತನ ಹೊಲಕ್ಕೆ ತಲಪುವುದು. ಇವೆರಡರ ನಡುವಣ ದೂರವನ್ನು ರಾಷ್ಟ್ರೀಯ ಸಂಸ್ಥೆ ಹೇಗೆ ಗ್ರಹಿಸಿತು, ಎಷ್ಟರಮಟ್ಟಿಗೆ ಗ್ರಹಿಸದೆ ಹೋಯಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ನೀರಾವರಿಯಲ್ಲಿ ಕೇಂದ್ರದ ಆಸಕ್ತಿ ಕ್ಷಾಮದ ಭೀತಿಯೊಡನೆ ಬೆಳೆದುದು. 1876-78ರ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಹಾಳುಗೆಡವಿತು. 1899-1900ರ ಕ್ಷಾಮದ ಬೆನ್ನಿಗೇ, 1901ರಲ್ಲಿ, ಸರ್ ಕಾಲಿನ್ ಸ್ಕಾಟ್-ಮಾನ್‌ಕ್ರೀಫ್ ಅವರ ಅಧ್ಯಕ್ಷತೆಯಲ್ಲಿ ನೀರಾವರಿ ಆಯೋಗ ನೇಮಕವಾಗಿ, 1903ರಲ್ಲಿ ವರದಿ ಸಲ್ಲಿಸಿತು. ಸರ್ಕಾರಕ್ಕೆ ಆದಾಯ ತರುವ ಕಾಮಗಾರಿಗಳು ‘ಉತ್ಪಾದಕ’ವೆಂದೂ, ಆದಾಯ ತರದಿದ್ದರೂ ಜನರನ್ನು ಕ್ಷಾಮದಿಂದ ಕಾಯುವಂಥವು ‘ರಕ್ಷಣಾತ್ಮಕ’ವೆಂದೂ ಆಗ ರೂಢಿಯಲ್ಲಿದ್ದ ವಿಂಗಡಣೆಗೆ ಈ ಆಯೋಗದ ಚರ್ಚೆಯಿಂದ ಹೆಚ್ಚಿನ ಬೆಲೆ ಬಂದಿತು. ರಕ್ಷಣಾತ್ಮಕ ನೀರಾವರಿಯ ತತ್ತ್ವ ಸರಳವಾದುದು: ಇರುವ ಅಲ್ಪ ನೀರನ್ನು ಕೆಲವರಿಗೆ ತುಂಬಿಸಿ ಕೊಡುವುದಕ್ಕಿಂತ, ವಿಶಾಲವಾದ ಪ್ರದೇಶಕ್ಕೆ ತೆಳುವಾಗಿ ಹರಡಿ, ಮಳೆ ಕೈಕೊಟ್ಟ ವರ್ಷವೂ ಬಹುಜನರ ಬೆಳೆ ಒಣಗದಂತೆ ನೋಡಿಕೊಳ್ಳುವುದು. ಮುಂಬಯಿ ಪ್ರಾಂತದ ನೀರಾ ಕಾಲುವೆಯಲ್ಲಿ ಎಂ. ವಿಶ್ವೇಶ್ವರಯ್ಯನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾರಿಗೆ ತಂದ ‘ಬ್ಲಾಕ್ ಪದ್ಧತಿ’ಯ ಹಿಂದೆಯೂ ನೀರನ್ನು ಹಲವು ಗ್ರಾಮಗಳಿಗೆ ಹಂಚುವ ಇಂಥದೇ ವಿಚಾರವಿತ್ತು.

1919ರ ಸುಧಾರಣೆಗಳಿಂದ ನೀರಾವರಿ ಪ್ರಾಂತಗಳ ವಿಷಯವಾಯಿತು; 1935ರ ಶಾಸನ ಅದನ್ನು ಗಟ್ಟಿಗೊಳಿಸಿತು. ನದಿಗಳಾದರೋ ಪ್ರಾಂತಗಳ ಗಡಿಯನ್ನು ಬಲ್ಲವಲ್ಲ. ಈ ವಿರೋಧವನ್ನು ಸ್ಪಷ್ಟವಾಗಿ ಕಂಡವರಲ್ಲಿ ವೈಸರಾಯರ ಕಾರ್ಯಾಂಗ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು ಪ್ರಮುಖರು. ದಾಮೋದರ ಮತ್ತು ಮಹಾನದಿ ಕಣಿವೆಗಳ ವಿಷಯವಾಗಿ 1945ರಲ್ಲಿ ನಡೆದ ಸಮ್ಮೇಳನಗಳಲ್ಲಿ ಅವರು, ನದಿಯನ್ನು ಇಡಿಯಾಗಿ, ಪ್ರವಾಹ ನಿಯಂತ್ರಣ, ನೀರಾವರಿ, ವಿದ್ಯುತ್ತು, ಜಲಸಂಚಾರ ಎಂಬ ಹಲವು ಉದ್ದೇಶಗಳಿಗಾಗಿ ಯೋಜಿಸಬೇಕೆಂದು ವಾದಿಸಿದರು. ಅದೇ ವರ್ಷದ ಏಪ್ರಿಲಿನಲ್ಲಿ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ಜಲಸಂಚಾರ ಆಯೋಗ ಸ್ಥಾಪಿತವಾಯಿತು. ಪಂಜಾಬಿನ ಕಾಲುವೆಗಳಲ್ಲಿ ಅನುಭವ ಪಡೆದ ಎಂಜಿನಿಯರ್ ಎ. ಎನ್. ಖೋಸ್ಲಾ ಅದರ ಅಧ್ಯಕ್ಷರಾದರು. 1951ರಲ್ಲಿ ವಿದ್ಯುತ್ ಆಯೋಗವನ್ನು ಕೂಡಿಕೊಂಡು ಅದು ಕೇಂದ್ರ ಜಲ ಮತ್ತು ವಿದ್ಯುತ್ ಆಯೋಗವೆನಿಸಿತು. 1974ರಲ್ಲಿ ಎರಡೂ ಮತ್ತೆ ಬೇರ್ಪಟ್ಟು ಈಗಿನ ಕೇಂದ್ರ ಜಲ ಆಯೋಗ ಉಳಿಯಿತು.

ಹೆಸರುಗಳ ಈ ಬದಲಾವಣೆ ಬರಿಯ ಕಚೇರಿಯ ವಿಷಯವಲ್ಲ. ಜಲಸಂಚಾರ ಮೊದಲು ಹೋಯಿತು, ನೀರಾವರಿ ಎಂಬ ಮಾತೂ ಅದರೊಡನೆ ಹೋಯಿತು. ಕೊನೆಗೆ ನಿಂತದ್ದು ಜಲ. ಆಯೋಗದ ದೃಷ್ಟಿ ಕ್ರಮೇಣ ಎತ್ತ ಸಾಗಿತೆಂಬುದಕ್ಕೆ ಇದನ್ನೊಂದು ಸೂಚನೆಯಾಗಿ ಗ್ರಹಿಸಬಹುದು.

3

ಆಯೋಗದ ಕೆಲಸವನ್ನು ಮೂರು ಭಾಗಗಳಾಗಿ ವಿಂಗಡಿಸಿ ನೋಡುವುದು ಅನುಕೂಲ: ತಿಳಿವನ್ನು ಸಂಗ್ರಹಿಸುವುದು, ಯೋಜನೆಗಳನ್ನು ಪರಿಶೀಲಿಸುವುದು, ಹಂಚಿಕೆಯ ಮೇಲೆ ದೃಷ್ಟಿಯಿಡುವುದು.

ಮೊದಲನೆಯ ಭಾಗದಲ್ಲಿ ಅದರ ಸಾಧನೆ ನಿರ್ವಿವಾದವಾದುದು. ನದಿಗಳ ಹರಿವನ್ನು ವರ್ಷದಿಂದ ವರ್ಷಕ್ಕೆ ಒಂದೇ ಕ್ರಮದಲ್ಲಿ ಅಳೆಯುವ ಕೇಂದ್ರಗಳು ದೇಶದಾದ್ಯಂತ ಹರಡಿಕೊಂಡವು. 1958ರಲ್ಲಿ ದೆಹಲಿಯ ಬಳಿ ಯಮುನಾ ನದಿಗೆ ಪ್ರವಾಹದ ಮುನ್ಸೂಚನೆ ನೀಡುವ ಕಾರ್ಯ ಆರಂಭವಾಯಿತು. ಹಿರಾಕುಡ್ ಯೋಜನೆಯ ವರದಿ 1947ರಲ್ಲಿ ಸಿದ್ಧವಾದುದು ಖೋಸ್ಲಾ ಅವರ ನೇತೃತ್ವದಲ್ಲಿ. ಕೃಷ್ಣಾ, ಗೋದಾವರಿ, ನರ್ಮದಾ, ಕಾವೇರಿ ನದಿಗಳ ವಿವಾದಗಳು ನ್ಯಾಯಾಧಿಕರಣಗಳ ಮುಂದೆ ಬಂದಾಗ, ದಶಕಗಳ ಕಾಲ ಅಳೆದು ಬರೆದಿಟ್ಟ ಇಂಥ ಅಂಕೆಗಳಿಲ್ಲದೆ ವಾದವೇ ಸಾಧ್ಯವಾಗುತ್ತಿರಲಿಲ್ಲ. ಕೃಷ್ಣೆಯ 2060 ಟಿ.ಎಂ.ಸಿ. ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ಬಚಾವತ್ ನ್ಯಾಯಾಧಿಕರಣ ಹಂಚಿಕೊಡಬೇಕಾದರೆ (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ), ನದಿಯಲ್ಲಿ ಎಷ್ಟು ನೀರು ಹರಿಯುತ್ತದೆಂಬುದನ್ನು ಮೊದಲು ನಿರ್ಧರಿಸಬೇಕಾಗಿತ್ತು. ಈ ಬಗೆಯ ಕೆಲಸವನ್ನು ಹೊಗಳುವವರು ಕಡಿಮೆ.

ಎರಡನೆಯ ಭಾಗದಲ್ಲಿ ಫಲ ಮಿಶ್ರವಾದುದು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರು, ನೀರಾವರಿ, ಕಾಲುವೆಗಳು ರಾಜ್ಯಪಟ್ಟಿಯ 17ನೆಯ ನಮೂದಿನಲ್ಲಿವೆ. ಅಂತರರಾಜ್ಯ ನದಿಗಳ ನಿಯಂತ್ರಣ ಮತ್ತು ಅಭಿವೃದ್ಧಿ ಕೇಂದ್ರಪಟ್ಟಿಯ 56ನೆಯ ನಮೂದಿನಲ್ಲಿದೆ. ಕೇಂದ್ರ ತನಗೆ ದೊರೆತ ಈ ಅಧಿಕಾರವನ್ನು ಪೂರ್ಣವಾಗಿ ಬಳಸಲಿಲ್ಲ. ನದಿ ಮಂಡಲಿಗಳ ಶಾಸನ 1956ರಲ್ಲಿ ಅಂಗೀಕೃತವಾಯಿತು. ಅದರ ಅನ್ವಯ ಒಂದು ಮಂಡಲಿಯೂ ರಚಿತವಾಗಲಿಲ್ಲ. ಅದೇ ವರ್ಷದ ಅಂತರರಾಜ್ಯ ಜಲವಿವಾದಗಳ ಶಾಸನ ಮಾತ್ರ ಮತ್ತೆ ಮತ್ತೆ ಬಳಕೆಗೆ ಬಂದಿತು. ನದಿಯನ್ನು ಒಟ್ಟಾಗಿ ಯೋಜಿಸುವ ಶಾಸನ ಕಪಾಟಿನಲ್ಲಿ ಉಳಿದು, ಜಗಳವನ್ನು ತೀರಿಸುವ ಶಾಸನ ಊರ್ಜಿತವಾಯಿತು. ಅಂಬೇಡ್ಕರ್ ಅವರ ಕಲ್ಪನೆಗೆ ದೊರೆತ ಗತಿ ಇದು.

ಹೀಗಾಗಿ ಆಯೋಗಕ್ಕೆ ಉಳಿದದ್ದು ರಾಜ್ಯಗಳು ಕಳುಹಿಸಿದ ಯೋಜನೆಗಳನ್ನು ತಾಂತ್ರಿಕವಾಗಿ ಪರೀಕ್ಷಿಸುವ ಕೆಲಸ. 1964ರ ಗಾಡ್ಗೀಳ್ ಸಮಿತಿಯ ಸಲಹೆಯ ಅನಂತರ, ಯೋಜನೆಯಿಂದ ಸರ್ಕಾರಕ್ಕೆ ಬರುವ ಆದಾಯವನ್ನಲ್ಲದೆ, ಅದರ ವೆಚ್ಚಕ್ಕೂ ಸಮಾಜಕ್ಕೆ ಒದಗುವ ಲಾಭಕ್ಕೂ ಇರುವ ಪ್ರಮಾಣವನ್ನು ಒರೆಗಲ್ಲಾಗಿ ಸ್ವೀಕರಿಸಲಾಯಿತು. ತತ್ತ್ವತಃ ಇದು ಸರಿಯಾದ ಹೆಜ್ಜೆ. ಆದರೆ ಲಾಭದ ಅಂದಾಜು ನಿಂತದ್ದು ಯಾವ ಹೊಲದಲ್ಲಿ ಯಾವ ಬೆಳೆ ಬೆಳೆಯುತ್ತಾರೆ ಎಂಬ ಊಹೆಯ ಮೇಲೆ. ಒಪ್ಪಿಗೆ ದೊರೆತ ಮೇಲೆ ಆ ಊಹೆ ನಿಜವಾಯಿತೇ ಎಂದು ಹಿಂತಿರುಗಿ ನೋಡುವ ಪದ್ಧತಿ ಬಲಗೊಳ್ಳಲಿಲ್ಲ. ಇದರೊಡನೆ, ಹೊಸ ಯೋಜನೆಗಳಿಗೆ ಶಂಕುಸ್ಥಾಪನೆ ಮಾಡುವ ಉತ್ಸಾಹ ಹಳೆಯವನ್ನು ಮುಗಿಸುವ ಉತ್ಸಾಹವನ್ನು ಮೀರಿತು. ಮೇಲ್ದಂಡೆ ಕೃಷ್ಣಾ ಯೋಜನೆಗೆ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಆಲಮಟ್ಟಿಯ ಜಲಾಶಯ ರಾಷ್ಟ್ರಕ್ಕೆ ಸಮರ್ಪಿತವಾದದ್ದು 2006ರಲ್ಲಿ. 1996ರಲ್ಲಿ ಕೇಂದ್ರ ಸರ್ಕಾರ ‘ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮ’ವನ್ನು ಆರಂಭಿಸಿದ್ದು, ನಡುದಾರಿಯಲ್ಲಿ ನಿಂತ ಯೋಜನೆಗಳ ರಾಶಿಯನ್ನು ಕಂಡೇ. ಜವಾಹರಲಾಲ್ ನೆಹರೂ ಅವರೇ 1958ರಲ್ಲಿ ನೀರಾವರಿ ಎಂಜಿನಿಯರುಗಳ ಸಭೆಯೊಂದರಲ್ಲಿ, ದೊಡ್ಡದನ್ನು ಕಟ್ಟಬಲ್ಲೆವೆಂದು ತೋರಿಸುವುದಕ್ಕಾಗಿಯೇ ದೊಡ್ಡದನ್ನು ಕಟ್ಟುವ ವ್ಯಾಧಿಯ ವಿಷಯವಾಗಿ ಎಚ್ಚರಿಸಿದ್ದರು. ಅಣೆಕಟ್ಟುಗಳನ್ನು ದೇಗುಲಗಳಿಗೆ ಹೋಲಿಸಿದ ಅವರ ಮಾತನ್ನು ಪ್ರತಿ ಪಠ್ಯಪುಸ್ತಕವೂ ಸ್ಮರಿಸುತ್ತದೆ. ಈ ಎಚ್ಚರಿಕೆಯನ್ನು ಸ್ಮರಿಸುವ ಪುಸ್ತಕಗಳು ವಿರಳ.

4

ಮೂರನೆಯ ಭಾಗವಾದ ಹಂಚಿಕೆಯ ವಿಚಾರಕ್ಕೆ ಬರುವ ಮುನ್ನ, ಆಯೋಗವೂ ಸರ್ಕಾರವೂ ನೀರಾವರಿಯನ್ನು ಅಳೆದ ಮಾನದಂಡವನ್ನು ಪರೀಕ್ಷಿಸಬೇಕು. ಅದರ ಹೆಸರು ‘ನೀರಾವರಿ ಸಾಮರ್ಥ್ಯ’. ಯೋಜನೆಯ ನೀರು, ಉದ್ದೇಶಿತ ಬೆಳೆಗಳನ್ನು ಬೆಳೆದರೆ, ಎಷ್ಟು ಹೆಕ್ಟೇರಿಗೆ ಸಾಲುತ್ತದೆಯೋ ಅದು ಆ ಯೋಜನೆಯ ಸಾಮರ್ಥ್ಯ. 1951ರಲ್ಲಿ ದೇಶದ ಒಟ್ಟು ಸಾಮರ್ಥ್ಯ 2.26 ಕೋಟಿ ಹೆಕ್ಟೇರು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದ ಸರ್ಕಾರಿ ಲೆಕ್ಕದಂತೆ ಅದು ಸುಮಾರು 11.3 ಕೋಟಿ ಹೆಕ್ಟೇರು. ಅದರಲ್ಲಿ ಬಳಕೆಯಾದದ್ದು ಸುಮಾರು 8.9 ಕೋಟಿ ಹೆಕ್ಟೇರು. ಅಂದರೆ ಎರಡೂವರೆ ಕೋಟಿಗೆ ಸಮೀಪದ ಹೆಕ್ಟೇರು ಭೂಮಿ ಕಾಗದದ ಮೇಲೆ ನೀರಾವರಿ, ನೆಲದ ಮೇಲೆ ಅಲ್ಲ.

ಈ ಅಂತರವನ್ನು ಬಹುಮಂದಿ ಲೇಖಕರು ಆಡಳಿತದ ವೈಫಲ್ಯವೆಂದು ವಿವರಿಸಿ ತೃಪ್ತರಾಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ದೋಷ ಮಾನದಂಡದಲ್ಲಿಯೂ ಇದೆ. ಸಾಮರ್ಥ್ಯವೆಂಬುದು ಅಣೆಕಟ್ಟು ಮತ್ತು ಕಾಲುವೆ ಪೂರ್ಣಗೊಂಡೊಡನೆ ‘ಸೃಷ್ಟಿ’ಯಾಗುತ್ತದೆ. ಅದನ್ನು ಬಳಸುವ ಹೊಣೆ ರೈತನದು, ಹೊಲಗಾಲುವೆ ತೋಡುವ ಹೊಣೆ ಸ್ಥಳೀಯರದು. ಹೀಗೆ ಎಣಿಸಿದಾಗ ಯಶಸ್ಸೆಲ್ಲ ತೂಬಿನ ಮೇಲುಗಡೆ ಉಳಿದು, ವೈಫಲ್ಯವೆಲ್ಲ ತೂಬಿನ ಕೆಳಗಡೆಗೆ ಹರಿಯುತ್ತದೆ. ನೀರು ಬಾರದ ಹೊಲದ ಒಡೆಯನನ್ನು ‘ಬಳಸಿಕೊಳ್ಳದವನು’ ಎಂದು ದಾಖಲಿಸುವ ಲೆಕ್ಕ ಇದು. ಅಜಿತ್ ಪ್ರಸಾದ್ ಜೈನ್ ಅವರ ಅಧ್ಯಕ್ಷತೆಯ ಎರಡನೆಯ ನೀರಾವರಿ ಆಯೋಗ 1972ರಲ್ಲಿ ವರದಿ ನೀಡಿದ ಮೇಲೆ, 1974ರಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾರ್ಯಕ್ರಮ ಬಂದದ್ದು ಈ ಕೊರತೆಯನ್ನು ಒಪ್ಪಿಕೊಂಡಂತೆಯೇ. ಆದರೆ ಅದು ಬಂದದ್ದು ಮೊದಲ ಯೋಜನೆಯ ಆರಂಭದಿಂದ ಇಪ್ಪತ್ತಮೂರು ವರ್ಷಗಳ ಅನಂತರ, ಮೂಲ ಶಿಲ್ಪಕ್ಕೆ ಸೇರಿಸಿದ ಪಡಸಾಲೆಯಂತೆ.

5

ಮೇಲಿನ ಮಾತುಗಳಿಗೆ ನಿದರ್ಶನವಾಗಿ ತುಂಗಭದ್ರಾ ಯೋಜನೆಯನ್ನು ತೆಗೆದುಕೊಳ್ಳಬಹುದು. ಈ ಯೋಜನೆಯನ್ನು ರೂಪಿಸಿದ್ದು ಕೇಂದ್ರ ಆಯೋಗವಲ್ಲವೆಂಬುದನ್ನು ಮೊದಲೇ ಹೇಳಬೇಕು. 1945ರಲ್ಲಿ ಮದರಾಸು ಪ್ರಾಂತವೂ ಹೈದರಾಬಾದು ಸಂಸ್ಥಾನವೂ ಕೂಡಿ ಇದನ್ನು ಆರಂಭಿಸಿದವು. 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಅದೇ ವರ್ಷ ಆಂಧ್ರರಾಜ್ಯ ರಚನೆಯ ಸಂದರ್ಭದಲ್ಲಿ, ಕೇಂದ್ರ ಸರ್ಕಾರ ನೇಮಿಸುವ ಅಧ್ಯಕ್ಷರುಳ್ಳ ತುಂಗಭದ್ರಾ ಮಂಡಲಿ ಅಸ್ತಿತ್ವಕ್ಕೆ ಬಂದಿತು. ಜಲಾಶಯವೂ ಎರಡು ರಾಜ್ಯಗಳಿಗೆ ಸೇರಿದ ಬಲದಂಡೆಯ ಕಾಲುವೆಗಳೂ ಅದರ ಅಧೀನ. ಎಡದಂಡೆ ಕಾಲುವೆ 1956ರ ರಾಜ್ಯ ಪುನರ್ವಿಂಗಡಣೆಯ ಅನಂತರ ನಮ್ಮ ರಾಜ್ಯದ ಅಧೀನ. ಕೇಂದ್ರದ ಕೈ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ತಕ್ಕ ಸ್ಥಳ ವಿರಳ.

ಎಡದಂಡೆಯ ಅಚ್ಚುಕಟ್ಟು ರಾಯಚೂರು ದೋಆಬಿನ ಎರೆಭೂಮಿ. ಶತಮಾನಗಳಿಂದ ಜೋಳ, ಹತ್ತಿ, ಎಣ್ಣೆಕಾಳು ಬೆಳೆದ ಖುಷ್ಕಿ ಸೀಮೆ. ಯೋಜಕರು ಇಲ್ಲಿ ರಕ್ಷಣಾತ್ಮಕ ನೀರಾವರಿಯ ತತ್ತ್ವವನ್ನೇ ಅನುಸರಿಸಿದರು. ಯಾವ ಹೊಲದಲ್ಲಿ ಭತ್ತ, ಯಾವುದರಲ್ಲಿ ಬಾಗಾಯತು, ಯಾವುದರಲ್ಲಿ ಮುಂಗಾರಿನ ಅಥವಾ ಹಿಂಗಾರಿನ ಅರೆಖುಷ್ಕಿ ಬೆಳೆ ಎಂಬುದನ್ನು ಮುಂಚಿತವಾಗಿಯೇ ನಿಗದಿ ಮಾಡಿದರು. ಭತ್ತಕ್ಕೆ ಅಲ್ಪಭಾಗ, ಅರೆಖುಷ್ಕಿಗೆ ಬಹುಭಾಗ. ಕಾಲುವೆಯ ಗಾತ್ರವನ್ನೂ ಅದಕ್ಕೆ ತಕ್ಕಂತೆ ಲೆಕ್ಕ ಹಾಕಲಾಯಿತು.

ನೀರು ಬಂದ ಮೊದಲ ವರ್ಷಗಳಲ್ಲಿ ತೊಡಕಾದದ್ದು ಅಭಾವವಲ್ಲ, ಬಳಕೆಯ ನಿಧಾನ. ಖುಷ್ಕಿ ಬೇಸಾಯದಲ್ಲಿ ಪಳಗಿದ ರೈತರಿಗೆ ಭೂಮಿ ಸಮ ಮಾಡಲು ಬಂಡವಾಳವಿರಲಿಲ್ಲ, ಆಳು ಸಿಕ್ಕುತ್ತಿರಲಿಲ್ಲ. ಆಂಧ್ರದ ಕರಾವಳಿಯಿಂದ ಬಂದ, ಕಾಲುವೆ ಬೇಸಾಯದಲ್ಲಿ ನುರಿತ ರೈತರು ಭೂಮಿಯನ್ನು ಕೊಂಡರು. ಗಂಗಾವತಿ, ಸಿಂಧನೂರುಗಳ ಸುತ್ತ ‘ಕ್ಯಾಂಪು’ಗಳೆಂಬ ಹೊಸ ಊರುಗಳು ಎದ್ದವು. ಅವರ ಶ್ರಮದಿಂದ ಆ ಸೀಮೆ ಭತ್ತದ ಕಣಜವಾಯಿತು. ಸ್ಥಳೀಯ ರೈತರೂ ಅವರನ್ನು ಅನುಸರಿಸಿದರು. ನಿಗದಿಯಾದ ಬೆಳೆಯನ್ನು ಮೀರಿ ಭತ್ತ ಹಾಕುವುದು ನಿಯಮಬಾಹಿರವಾಗಿದ್ದರೂ, ನೀರು ಬಳಕೆಯಾಗಲಿ ಎಂಬ ಆತುರದಲ್ಲಿದ್ದ ಆಡಳಿತಕ್ಕೆ ಅದನ್ನು ತಡೆಯುವ ಮನಸ್ಸು ಬರುವುದು ಕಷ್ಟವಾಗಿತ್ತು. ತಡೆಯುವ ಮನಸ್ಸು ಬರುವ ಹೊತ್ತಿಗೆ ಶಕ್ತಿ ಉಳಿದಿರಲಿಲ್ಲ. ತಲೆಭಾಗದ ಭತ್ತ ನೀರನ್ನು ಹೀರಿತು. ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ಹೊಲಗಳಿಗೆ ಕಾಲುವೆ ಬಂದಿತು, ನೀರು ಬರಲಿಲ್ಲ. ಇತ್ತ ತಲೆಭಾಗದಲ್ಲಿ ಅತಿಯಾದ ನೀರಿನಿಂದ ಭೂಮಿ ಸವಳು, ಜವಳಾಯಿತು. ಎಡದಂಡೆ ಕಾಲುವೆಯ ಹಂಚಿಕೆಯನ್ನು ಸ್ಥಳದಲ್ಲಿದ್ದು ಅಧ್ಯಯನ ಮಾಡಿದ ಡಚ್ ವಿದ್ವಾಂಸ ಪೀಟರ್ ಮೊಲ್ಲಿಂಗ ಅವರು, ಇದು ಬರಿಯ ಶಿಸ್ತಿನ ಕೊರತೆಯಲ್ಲ, ಕಾಲುವೆಯ ರಚನೆ, ಭತ್ತದ ಮಾರುಕಟ್ಟೆ, ಸ್ಥಳೀಯ ರಾಜಕಾರಣ ಮೂರೂ ಹೆಣೆದುಕೊಂಡ ಫಲವೆಂದು ತೋರಿಸಿದ್ದಾರೆ. ಈ ವಾದವನ್ನು ನಾವು ಒಪ್ಪುತ್ತೇವೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಹೊಲದ ಹಂಚಿಕೆ ರಾಜ್ಯದ ವಿಷಯವಾಗಿರುವಾಗ ಅದಕ್ಕಾಗಿ ಕೇಂದ್ರ ಆಯೋಗವನ್ನು ದೂರುವುದು ಅನ್ಯಾಯವಲ್ಲವೆ? ಅಧಿಕಾರದ ದೃಷ್ಟಿಯಿಂದ ಅನ್ಯಾಯವೇ ಸರಿ. ಆದರೆ ತಿಳಿವಿನ ದೃಷ್ಟಿಯಿಂದ ಅಲ್ಲ. ನದಿಯ ಹರಿವನ್ನು ಅಷ್ಟು ಶ್ರದ್ಧೆಯಿಂದ ಅಳೆದ ಸಂಸ್ಥೆ ಉಪಕಾಲುವೆಯ ತುದಿಯ ಹರಿವಿಗೂ ಅಂಥದೇ ರಾಷ್ಟ್ರೀಯ ದಾಖಲೆಯನ್ನು ಕಟ್ಟಬಹುದಾಗಿತ್ತು. ಅಳೆಯುವುದಕ್ಕೆ ಸಂವಿಧಾನ ಅಡ್ಡಿ ಬರುತ್ತಿರಲಿಲ್ಲ. ಅಳತೆಯೊಂದು ಇದ್ದಿದ್ದರೆ ಕೊನೆಭಾಗದ ರೈತನ ಅಹವಾಲು ಬರಿಯ ಅಹವಾಲಾಗಿ ಉಳಿಯದೆ ಪ್ರಮಾಣವಾಗುತ್ತಿತ್ತು. ಪ್ರತಿ ವರ್ಷವೂ ಅವನು ರಸ್ತೆಗಿಳಿದು ಹೇಳಬೇಕಾದುದನ್ನು ಸರ್ಕಾರದ ಕಡತವೇ ಹೇಳುತ್ತಿತ್ತು.

ಜಲಾಶಯದ ಮಟ್ಟಿಗೂ ಕಾಲ ಸುಮ್ಮನಿರಲಿಲ್ಲ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಸಂಗ್ರಹ, ಹೂಳಿನಿಂದಾಗಿ 2016ರ ಸಮೀಕ್ಷೆಯ ವೇಳೆಗೆ ಸುಮಾರು 105ಕ್ಕೆ ಇಳಿದಿತ್ತು. 2024ರ ಆಗಸ್ಟಿನಲ್ಲಿ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಒಂದು ವಾರ ಎರಡು ರಾಜ್ಯಗಳ ಕಣ್ಣು ಅಲ್ಲಿ ನೆಟ್ಟಿತ್ತು. ತೂಬಿನ ಕೆಳಗಿನ ಕೊರತೆಗೆ ಅಂಥ ಒಂದು ದಿನಾಂಕವಿಲ್ಲ. ಅದು ಎಪ್ಪತ್ತು ವರ್ಷಗಳಿಂದ ಸದ್ದಿಲ್ಲದೆ ನಡೆದುಬಂದಿದೆ.

ಇದೇ ಹೊಸಪೇಟೆಯ ಪರಿಸರದಲ್ಲಿ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ಅವುಗಳ ಅಚ್ಚುಕಟ್ಟು ಚಿಕ್ಕದು, ಅವುಗಳನ್ನು ಹೊಸ ಯೋಜನೆಯೊಡನೆ ಹೋಲಿಸಿ ಗತವೈಭವವನ್ನು ಹಾಡುವುದು ಉಚಿತವಲ್ಲ. ಆದರೂ ಒಂದು ಮಾತನ್ನು ಹೇಳಬಹುದು. ಅಲ್ಲಿ ಕಾಲುವೆಗೂ ಗದ್ದೆಗೂ ನಡುವೆ ದೂರ ಕಡಿಮೆ; ಯಾರ ನೀರು ಯಾರ ಪಾಲು ಎಂಬುದನ್ನು ಊರು ಬಲ್ಲದು. ದಕ್ಷಿಣದ ಕೆರೆಗಳ ನೀರುಗಂಟಿಗೂ ಈ ತಿಳಿವಿತ್ತು. ಬೃಹತ್ ಯೋಜನೆ ನೀರನ್ನು ನೂರಾರು ಕಿಲೋಮೀಟರು ಒಯ್ಯಿತು; ಈ ತಿಳಿವನ್ನು ಒಯ್ಯಲಿಲ್ಲ.

6

ಕಾಲುವೆಯನ್ನು ನಂಬಲಾರದ ರೈತ, ಕಾಲುವೆಯೇ ಇಲ್ಲದ ರೈತನಂತೆ, ಬಾವಿಯತ್ತ ಹೊರಳಿದ. ಇಂದು ದೇಶದ ನೀರಾವರಿ ಭೂಮಿಯಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಭಾಗ ಅಂತರ್ಜಲವನ್ನು ಅವಲಂಬಿಸಿದೆ. ಈ ಮಹಾಪರಿವರ್ತನೆ ನಡೆದುದು ಬಹುಮಟ್ಟಿಗೆ ರೈತರ ಸ್ವಂತ ಹಣದಿಂದ, ಅಗ್ಗದ ವಿದ್ಯುತ್ತಿನಿಂದ. ಅಂತರ್ಜಲಕ್ಕಾಗಿ 1970ರಲ್ಲಿ ಬೇರೆಯೇ ಮಂಡಲಿ ರಚಿತವಾಗಿತ್ತು. ನದಿಯ ನೀರಿಗೊಂದು ಸಂಸ್ಥೆ, ನೆಲದೊಳಗಿನ ನೀರಿಗೊಂದು ಸಂಸ್ಥೆ. ರೈತನ ಹೊಲದಲ್ಲಿ ಮಾತ್ರ ಎರಡೂ ಒಂದೇ ನೀರು. ಮಿಹಿರ್ ಶಾ ಅವರ ಅಧ್ಯಕ್ಷತೆಯ ಸಮಿತಿ 2016ರಲ್ಲಿ, ಕೇಂದ್ರ ಜಲ ಆಯೋಗವನ್ನೂ ಅಂತರ್ಜಲ ಮಂಡಲಿಯನ್ನೂ ಕೂಡಿಸಿ ರಾಷ್ಟ್ರೀಯ ಜಲ ಆಯೋಗವೊಂದನ್ನು ರಚಿಸಬೇಕೆಂದೂ, ಅದರಲ್ಲಿ ಎಂಜಿನಿಯರುಗಳೊಡನೆ ಸಮಾಜಶಾಸ್ತ್ರ, ಕೃಷಿ, ಪರಿಸರ ವಿಜ್ಞಾನಗಳನ್ನು ಬಲ್ಲವರೂ ಇರಬೇಕೆಂದೂ ಸಲಹೆಯಿತ್ತಿತು. ಆಯೋಗದ ಎಂಜಿನಿಯರುಗಳು ಇದನ್ನು ಬಲವಾಗಿ ವಿರೋಧಿಸಿದರು. ಅವರ ವಿರೋಧದಲ್ಲಿ ಸ್ವಾರ್ಥವನ್ನು ಮಾತ್ರ ಕಾಣುವುದು ಸರಿಯಲ್ಲ. ಅಣೆಕಟ್ಟಿನ ಸುರಕ್ಷತೆ, ಪ್ರವಾಹದ ಲೆಕ್ಕ ಇವು ಚರ್ಚಾಸ್ಪರ್ಧೆಯ ವಿಷಯಗಳಲ್ಲ. ಆದರೂ ಸಮಿತಿಯ ಮೂಲಪ್ರಶ್ನೆಗೆ ಉತ್ತರ ದೊರೆತಿಲ್ಲ. ನೀರು ಸಂಗ್ರಹವಾಗಿದೆ, ಅದು ಹೊಲವನ್ನು ಏಕೆ ಮುಟ್ಟಲಿಲ್ಲ?

7

ಇಷ್ಟರಿಂದ ನಾವು ತಲಪುವ ನಿರ್ಣಯವನ್ನು ಸಂಗ್ರಹಿಸಿ ಹೇಳಬಹುದು. ನದಿಗಳ ತಿಳಿವನ್ನು ಕೂಡಿಸುವುದರಲ್ಲಿ ಕೇಂದ್ರ ಜಲ ಆಯೋಗದ ಸೇವೆ ಶ್ರೇಷ್ಠವಾದುದು. ಯೋಜನೆಗಳ ಪರಿಶೀಲನೆಯಲ್ಲಿ ಅದು ದಕ್ಷವಾಗಿತ್ತು, ಆದರೆ ಒಪ್ಪಿಗೆಯಿತ್ತ ಮೇಲೆ ಹಿಂತಿರುಗಿ ನೋಡಲಿಲ್ಲ. ಹಂಚಿಕೆಯ ವಿಷಯದಲ್ಲಿ ಅದಕ್ಕೆ ಅಧಿಕಾರವಿರಲಿಲ್ಲ. ಅಧಿಕಾರವಿಲ್ಲದುದನ್ನು ತಿಳಿಯುವ ಕುತೂಹಲವನ್ನೂ ಅದು ಬೆಳೆಸಿಕೊಳ್ಳಲಿಲ್ಲ. ಅದನ್ನು ಹೊಗಳುವವರೂ ತೆಗಳುವವರೂ ಅಣೆಕಟ್ಟಿನ ಮೇಲೆಯೇ ನಿಂತು ಮಾತನಾಡಿದ್ದರಿಂದ ಈ ಕೊರತೆ ಇಬ್ಬರಿಗೂ ಸರಿಯಾಗಿ ಕಾಣಲಿಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಆಯೋಗದ ವರದಿಗಳು ಸುಲಭವಾಗಿ ದೊರೆಯುತ್ತವೆ, ಆದುದರಿಂದ ನೀರಾವರಿಯ ಇತಿಹಾಸವನ್ನು ಅವುಗಳಿಂದಲೇ ಬರೆಯುವ ಆಕರ್ಷಣೆಯೂ ದೊಡ್ಡದು. ಆದರೆ ಗ್ರಾಮಲೆಕ್ಕಿಗರ ಪಹಣಿ, ನೀರಾವರಿ ಕಚೇರಿಯ ಬೆಳೆ ನಿಗದಿಯ ಪಟ್ಟಿ, ನೀರುಕರದ ವಸೂಲಿ ಪುಸ್ತಕ, ನೀರು ಬಳಕೆದಾರರ ಸಂಘಗಳ ನಡವಳಿ ಇವುಗಳನ್ನು ಒಂದು ವಿತರಣಾ ಕಾಲುವೆಯ ತಲೆಯಿಂದ ತುದಿಯವರೆಗೆ ಹೋಲಿಸಿ ನೋಡಿದರೆ, ದೆಹಲಿಯ ಅಂಕೆ ಹೇಳದ ಸಂಗತಿ ಹೊರಬೀಳುತ್ತದೆ. ನಮ್ಮ ಕಾಲೇಜುಗಳಲ್ಲಿ ಕಾಲುವೆಯ ತುದಿಯ ಊರುಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಅವರ ಹಿರಿಯರು ಯಾವ ವರ್ಷ ನೀರು ಬಂದಿತು, ಯಾವ ವರ್ಷ ಬರಲಿಲ್ಲ ಎಂಬುದನ್ನು ಬಾಯಿಪಾಠವಾಗಿ ಬಲ್ಲರು. ಆ ನೆನಪನ್ನು ದಾಖಲೆಯೊಡನೆ ಒರೆಗೆ ಹಚ್ಚಿ ಬರೆದಿಡುವವರು ಬೇಕು. ನೀರಾವರಿಯ ‘ಅಭಿವೃದ್ಧಿ’ ಎಂಬ ಮಾತಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದು ಆ ಕೊನೆಯ ಹೊಲದಲ್ಲಿ ತೀರ್ಮಾನವಾಗಬೇಕಾದ ವಿಷಯ.